ಹೊಂಗೆ ಬಿಡುವ ತನಕ

ಮಾರ್ಚ್ ಒಂದನೇ ತಾರೀಖು ನಮ್ಮ ಮನೆಯಲ್ಲಿ ಹಬ್ಬವಾದದ್ದು ಅತ್ತಿಗೆ ಬಂದ ಮೇಲೆ. ಅಲ್ಲಿಯವರೆಗೆ ಅದು ಭದ್ರಾವತಿಯ ಬೇರೆ ಮನೆಗಳಲ್ಲಿ ಇರುವ ಹಾಗೆಯೇ ಫ್ಯಾನಿನ ಧೂಳು ಒರೆಸುವ, ಸೆಕೆ ಶುರುವಾಯಿತೆಂದು ಗೊಣಗುವ ದಿನವಾಗಿತ್ತು.

ಅಣ್ಣ ರೊಮೇನಿಯಾದಲ್ಲಿ ಹಡಗು ಕಟ್ಟುವ ಕಡೆ ವೆಲ್ಡಿಂಗ್ ಕೆಲಸಕ್ಕೆ ಹೋಗಿದ್ದ. ಅಲ್ಲೇ ಮದುವೆಯಾದ. ಇನ್ನು ಅವನು ಅಲ್ಲಿಯವನೇ ಎಂದು ನಾವೆಲ್ಲ ತೀರ್ಮಾನಿಸಿದ್ದಾಗ ಹೆಂಡತಿಯನ್ನು ಕರೆದುಕೊಂಡು ವಾಪಸು ಬಂದು, ಶಿವಮೊಗ್ಗ ರಸ್ತೆಯಲ್ಲಿ ಗೇಟು, ಗ್ರಿಲ್ಲು ಮಾಡುವ ವರ್ಕ್‌ಶಾಪ್ ಹಾಕಿದ. ಅದರ ಲೆಕ್ಕಪತ್ರ ಅತ್ತಿಗೆ ನೋಡಿಕೊಳ್ಳುತ್ತಾರೆ. ಅವರು ಕನ್ನಡ ಕಲಿತದ್ದು ನಮ್ಮ ಅಡುಗೆಮನೆಯಲ್ಲಿ, ಅಮ್ಮನಿಂದ. ಹಾಗಾಗಿ ಅವರ ಮಾತಿನಲ್ಲಿ ಅಮ್ಮನ ಗದರಿಕೆಯೂ ಸೇರಿಕೊಂಡಿದೆ. ಕರೆಂಟ್ ಹೋದರೆ ಅಮ್ಮನ ದನಿಯಲ್ಲೇ "ಇವರ ಮನೆ ಹಾಳಾಗ" ಎನ್ನುತ್ತಾರೆ.

ಬಂದ ಮೊದಲ ಫೆಬ್ರವರಿಯಲ್ಲಿ ಅವರು ನನಗೆ ಫೋನ್ ಮಾಡಿ ಕೆಂಪು ದಾರ, ಬಿಳಿ ದಾರ ಬೇಕು ಎಂದರು. ನಾನು ಶಿವಮೊಗ್ಗದಲ್ಲಿ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೇನೆ. ವಾರದ ರಜೆಗೆ ಭದ್ರಾವತಿಗೆ ಹೋಗುತ್ತೇನೆ. ಆ ಸಲ ಅವರೇ ಬಸ್ಸು ಹತ್ತಿ ಬಂದರು. ಗಾಂಧಿ ಬಜಾರಿನಲ್ಲಿ ಉಡಿದಾರ, ತಾಯತದ ದಾರ, ಮಣಿ ಪೋಣಿಸುವ ರೇಷ್ಮೆ ಎಳೆ ಮಾರುವ ಒಂದು ಸಣ್ಣ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಸಾಹೇಬರು ಉಂಡೆಗಳನ್ನು ಮುಂದಿಟ್ಟು, "ಯಾವ ದೇವ್ರಿಗಮ್ಮಾ?" ಎಂದು ಕೇಳಿದರು.

"ದೇವರಿಗಲ್ಲ. ಮಾರ್ಚ್ ತಿಂಗಳಿಗೆ," ಎಂದರು ಅತ್ತಿಗೆ.

ಸಾಹೇಬರು ಎರಡೂ ಉಂಡೆಯಿಂದ ದಾರ ಅಳೆದು ಕತ್ತರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಮಾರ್ಚ್‌ನಲ್ಲಿ ಟ್ಯಾಕ್ಸ್ ಕಟ್ಟೋದು ಗೊತ್ತು. ದಾರ ಕಟ್ಟೋದು ಇವತ್ತೇ ಕೇಳಿದ್ದು. ಬಣ್ಣ ಬಿಡಲ್ಲ, ತಗೊಂಡೋಗಿ," ಎಂದರು.

ಅತ್ತಿಗೆಯ ಊರಿನಲ್ಲಿ ಕೆಂಪು, ಬಿಳಿ ಎರಡು ಎಳೆಗಳನ್ನು ಸೇರಿಸಿ ಹೊಸೆದು, ಮಾರ್ಚ್ ಒಂದರ ಬೆಳಿಗ್ಗೆ ಕೈಗೆ ಕಟ್ಟುತ್ತಾರೆ. ಬಿಳಿ ಎಂದರೆ ಹೋಗುತ್ತಿರುವ ಹಿಮ, ಕೆಂಪು ಎಂದರೆ ಬರುತ್ತಿರುವ ಬಿಸಿಲು. ಕೆಲವರು ಅದಕ್ಕೆ ಕುದುರೆ ಲಾಳದ್ದೋ ಹೂವಿನದ್ದೋ ಸಣ್ಣ ಬಿಲ್ಲೆ ಸಿಕ್ಕಿಸುತ್ತಾರೆ. ಅದರ ಹೆಸರು ಮರ್ತ್ಸಿಶೋರ್. ಪುಟ್ಟ ಮಾರ್ಚ್ ಎಂದು ಅರ್ಥವಂತೆ. ಅಮ್ಮ ಎರಡು ಸಲ ಆ ಹೆಸರು ಹೇಳಲು ನೋಡಿ, ಬಿಟ್ಟು, "ಮಾರ್ಚಿ ದಾರ" ಎಂದಳು. ಈಗ ಅತ್ತಿಗೆಯೂ ಹಾಗೇ ಕರೆಯುತ್ತಾರೆ.

ಹೊಸೆಯುವ ಕೆಲಸ ಮಾತ್ರ ಅತ್ತಿಗೆಗೆ ಸರಿಯಾಗಿ ಬರುತ್ತಿರಲಿಲ್ಲ. ಅವರ ಮನೆಯಲ್ಲಿ ಅದನ್ನು ಅಜ್ಜಿ ಮಾಡುತ್ತಿದ್ದರಂತೆ. ಇವರು ಎಷ್ಟು ತಿರುವಿದರೂ ಕೈ ಬಿಟ್ಟ ಕೂಡಲೇ ಎಳೆ ಬಿಚ್ಚಿಕೊಳ್ಳುತ್ತಿತ್ತು. ಅಮ್ಮ ಅಕ್ಕಿ ಆರಿಸುತ್ತ ಕೂತವಳು ಸುಮಾರು ಹೊತ್ತು ತಡೆದುಕೊಂಡಳು. ಕೊನೆಗೆ ಮೊರ ಬದಿಗಿಟ್ಟು, "ತಾರೇ ಮಾರಾಯ್ತಿ ಇಲ್ಲಿ," ಎಂದು ದಾರ ಕಿತ್ತುಕೊಂಡಳು. ಕಾಲಿನ ಹೆಬ್ಬೆರಳಿಗೆ ಒಂದು ತುದಿ ಸಿಕ್ಕಿಸಿ, ಅಂಗೈ ನಡುವೆ ಬಿಗಿಯಾಗಿ ಹೊಸೆದು, ನಡುವೆ ಮಡಚಿ ಬಿಟ್ಟಳು. ದಾರ ತಾನಾಗಿಯೇ ಸುತ್ತಿಕೊಂಡು ನಿಂತಿತು. ಅಮ್ಮನ ಕೈ ದಾರ ಮತ್ತು ಹೂವಿನ ಕೆಲಸದಲ್ಲಿ ಪಳಗಿದ್ದು. ನಮ್ಮ ಬಡಾವಣೆಯಲ್ಲಿ ಮದುವೆ ಎಂದರೆ ಮದುಮಗಳ ಮೊಗ್ಗಿನ ಜಡೆ ಅಮ್ಮನೇ ಕಟ್ಟಬೇಕು. ಅದಕ್ಕೆ ಅವಳು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ತನಗಿಂತ ಚೆನ್ನಾಗಿ ಕಟ್ಟುವವರು ಭದ್ರಾವತಿಯಲ್ಲಿ ಇಲ್ಲ ಎಂಬುದನ್ನು ಮುಚ್ಚಿಡುತ್ತಲೂ ಇರಲಿಲ್ಲ.

ಮೊದಲ ವರ್ಷದ ತೊಂದರೆ ದಾರ ಕಟ್ಟಿದ ಮೇಲೆ ಶುರುವಾಯಿತು. ಈ ದಾರವನ್ನು ಯಾವಾಗೆಂದರೆ ಆವಾಗ ಬಿಚ್ಚುವಂತಿಲ್ಲ. ಮರದಲ್ಲಿ ಹೂವು ಕಾಣುವ ತನಕ ಕಾಯಬೇಕು. ಕಂಡ ದಿನ ಬಿಚ್ಚಿ, ಹೂವಿರುವ ಕೊಂಬೆಗೆ ಕಟ್ಟಬೇಕು. ಹಿಮ ಬೀಳುವ ಊರಿನಲ್ಲಿ ಅದು ನಿಜವಾದ ಕಾಯುವಿಕೆ. ಅತ್ತಿಗೆ ನಮ್ಮೆಲ್ಲರ ಕೈಗೆ ಕಟ್ಟಿ, ತಮ್ಮ ಕೈಗೂ ಕಟ್ಟಿಸಿಕೊಂಡು, ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದರು. ಮುಖ ಸಣ್ಣದಾಗಿತ್ತು.

"ಎಲ್ಲಾ ಆಗ್ಲೇ ಬಿಟ್ಟಿದೆ. ಮಾವು ಬಿಟ್ಟಿದೆ. ನುಗ್ಗೆ ಬಿಟ್ಟಿದೆ. ಹೆಸರು ಗೊತ್ತಿಲ್ಲದ್ದೂ ಬಿಟ್ಟಿದೆ. ನಾನು ಯಾವುದನ್ನ ಕಾಯಲಿ?"

ಅಪ್ಪ ಕಾರ್ಖಾನೆಯಲ್ಲಿ ಇಡೀ ಜೀವನ ಪಾಳಿ ಮಾಡಿ ನಿವೃತ್ತರಾದವರು. ಯಾವುದೇ ವಿಷಯಕ್ಕೆ ಒಂದು ನಿಯಮ ಬರೆದಿಟ್ಟರೆ ಜಗಳ ಇರುವುದಿಲ್ಲ ಎಂದು ನಂಬಿದ್ದವರು. ಗೇಟಿನ ಆಚೆ ರಸ್ತೆ ಬದಿಯಲ್ಲಿದ್ದ ಹೊಂಗೆ ಮರವನ್ನು ತೋರಿಸಿದರು. ಅದು ಆಗಷ್ಟೇ ಎಲೆ ಉದುರಿಸುತ್ತಿತ್ತು.

"ಹೊಂಗೆ ಇಟ್ಕೋ. ಅದು ಇನ್ನೂ ಬೋಳಾಗ್ಬೇಕು, ಚಿಗುರ್ಬೇಕು, ಆಮೇಲೆ ಹೂವು. ಮಿಕ್ಕಿದ್ದು ಯಾವುದೂ ಲೆಕ್ಕಕ್ಕಿಲ್ಲ."

ಆ ತೀರ್ಪು ನಮ್ಮ ಮನೆಯಲ್ಲಿ ಹಾಗೇ ನಿಂತಿತು. ಹೊಂಗೆ ಚಿಗುರಿ, ಎಲೆ ಹೊಳೆದು, ಏಪ್ರಿಲ್‌ನಲ್ಲಿ ಹೂವು ಬಿಟ್ಟಾಗ ಅಪ್ಪ ಕೊಂಬೆ ಬಗ್ಗಿಸಿ ಹಿಡಿದರು, ಅತ್ತಿಗೆ ಐದೂ ಜನರ ದಾರ ಕಟ್ಟಿದರು. ಹೊಂಗೆಯ ಹೂವು ನೋಡಲು ಏನೂ ಅಲ್ಲ. ಬಿಳಿ, ಅದರಲ್ಲಿ ತುಸು ನೇರಳೆ. ಮರದಲ್ಲಿರುವಾಗ ಎಲೆಯ ನಡುವೆ ಕಾಣುವುದೂ ಇಲ್ಲ. ಉದುರಿದಾಗ ಮಾತ್ರ ರಸ್ತೆಯಲ್ಲಿ ಯಾರೋ ಮಂಡಕ್ಕಿ ಚೆಲ್ಲಿದ ಹಾಗೆ ಇರುತ್ತದೆ.

ಆ ವರ್ಷವೇ, ದಾರ ಕಟ್ಟಿದ ದಿನ ಸಂಜೆ ಜಗಲಿಯಲ್ಲಿ ಅತ್ತಿಗೆ ಅವರ ಊರಿನ ಮುದುಕಿ ದೋಕಿಯಾಳ ಕಥೆ ಹೇಳಿದ್ದು ನೆನಪಿದೆ. ಅವಳು ಕೆಟ್ಟ ಅತ್ತೆ. ಚಳಿಗಾಲದ ನಡುವೆ ಸೊಸೆಗೆ ಕಪ್ಪು ಉಣ್ಣೆ ಕೊಟ್ಟು, ಬಿಳಿಯಾಗುವ ತನಕ ಹೊಳೆಯಲ್ಲಿ ತೊಳೆದು ತಾ ಎಂದು ಕಳಿಸುತ್ತಾಳೆ. ಸೊಸೆ ಹೇಗೋ ಒಂದು ಹೂವು ಹಿಡಿದು ವಾಪಸು ಬರುತ್ತಾಳೆ. ಹೂವು ಕಂಡು ವಸಂತ ಬಂತೆಂದುಕೊಂಡ ಮುದುಕಿ ಒಂಬತ್ತು ತುಪ್ಪಳದ ಅಂಗಿ ಹಾಕಿಕೊಂಡು ಕುರಿ ಹೊಡೆದುಕೊಂಡು ಬೆಟ್ಟ ಹತ್ತುತ್ತಾಳೆ. ದಿನಕ್ಕೊಂದು ಅಂಗಿ ಕಳಚುತ್ತಾಳೆ. ಕೊನೆಯದನ್ನು ಕಳಚಿದ ಮೇಲೆ ಚಳಿ ತಿರುಗಿ ಬಂದು ಕಲ್ಲಾಗುತ್ತಾಳೆ.

ಅಮ್ಮ ಹುಬ್ಬೇರಿಸಿದಳು. "ನನ್ನನ್ನ ನೋಡಿ ನೆನಪಾಯ್ತಾ ಈ ಕಥೆ?"

"ಇಲ್ಲ ಅತ್ತೆ. ನಿಮ್ಮ ಹತ್ರ ಅಷ್ಟು ಅಂಗಿ ಎಲ್ಲಿದೆ?"

ಅಪ್ಪ ನಕ್ಕದ್ದು ಪಕ್ಕದ ಮನೆಗೂ ಕೇಳಿಸಿತು. ಮಾರ್ಚ್ ಒಂದರಿಂದ ಒಂಬತ್ತರ ತನಕ, ಮುದುಕಿಯ ಆ ಒಂಬತ್ತು ದಿನಗಳಲ್ಲಿ ಒಬ್ಬೊಬ್ಬರು ಒಂದೊಂದು ದಿನ ಆರಿಸಿಕೊಳ್ಳಬೇಕು, ಆ ದಿನದ ಹವಾಮಾನ ಹೇಗಿರುತ್ತದೋ ವರ್ಷ ಹಾಗಿರುತ್ತದೆ, ಬಿಸಿಲಿದ್ದರೆ ಒಳ್ಳೆಯದು ಎಂದೂ ಅತ್ತಿಗೆ ಹೇಳಿದರು. ಎಲ್ಲರೂ ಆರಿಸಿಕೊಂಡೆವು. ಒಂಬತ್ತೂ ದಿನ ಕಣ್ಣು ಬಿಡಲಾಗದ ಬಿಸಿಲು.

"ಭದ್ರಾವತೀಲಿ ಹುಟ್ಟಿದ್ದೇ ಪುಣ್ಯ. ಯಾರಿಗೂ ಕೆಟ್ಟ ವರ್ಷವೇ ಇಲ್ಲ," ಎಂದರು ಅಪ್ಪ.

"ಬಿಸಿಲು ಒಳ್ಳೇದು ಅಂತ ಯಾರು ಹೇಳಿದ್ದು?" ಎಂದಳು ಅಮ್ಮ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ. "ನನಗೊಂದು ಮೋಡದ ದಿನ ಕೊಡೇ."

ಹೀಗೆ ಕೆಲವು ಮಾರ್ಚ್‌ಗಳು ಹೋದವು. ಒಂದು ವರ್ಷ ಅತ್ತಿಗೆ ಈಸ್ಟರ್ ಹಬ್ಬಕ್ಕೆಂದು ಮೊಟ್ಟೆಯ ಮೇಲೆ ಕರಗಿದ ಜೇನುಮೇಣದಿಂದ ಗೆರೆ ಎಳೆದು ಬಣ್ಣದಲ್ಲಿ ಅದ್ದಿದರು. ಮೇಣ ಒರೆಸಿದಾಗ ಗೆರೆಗಳು ಬಿಳಿಯಾಗಿ ಉಳಿದವು. ನೋಡಿದವರೆಲ್ಲ ರಂಗೋಲಿ ಎಂದರು. ಅಮ್ಮ ಮಾತ್ರ ಎರಡು ದಿನ ನೋಡಿ, "ಇದನ್ನ ತಿನ್ನೋದು ಯಾವಾಗ?" ಎಂದು ಕೇಳಿದಳು.

ಹೋದ ವರ್ಷ ಆಷಾಢದಲ್ಲಿ ಅಪ್ಪ ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು, ಎದೆ ಹಿಡಿದುಕೊಂಡಂತಾಗುತ್ತಿದೆ ಎಂದರು. ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಮುಗಿದಿತ್ತು.

ಮನೆಯಲ್ಲಿ ಸಾವಾದರೆ ವರ್ಷ ತುಂಬುವ ತನಕ ಹಬ್ಬ ಮಾಡುವುದಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಕಟ್ಟು. ಅಮ್ಮ ಅದಕ್ಕೆ ತನ್ನದೊಂದು ಕಟ್ಟನ್ನು ಸೇರಿಸಿದಳು. ಹೂವು ಮುಟ್ಟುವುದನ್ನೇ ಬಿಟ್ಟಳು. ಮುಡಿಯುವುದನ್ನು ಬಿಟ್ಟದ್ದು ಬೇರೆ ಮಾತು. ದೇವರಿಗೂ ಅವಳು ಹೂವು ಕಟ್ಟಲಿಲ್ಲ. ಅತ್ತಿಗೆ ಬಿಡಿ ಹೂವು ಇಡುತ್ತಿದ್ದರು. ಹಿತ್ತಲಿನ ಮಲ್ಲಿಗೆ ಬಳ್ಳಿಯ ಮೊಗ್ಗು ಬಳ್ಳಿಯಲ್ಲೇ ಅರಳಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಹೀಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ನಾನು ವಿಚಾರಿಸಿದ್ದೇನೆ. ಅಣ್ಣನಾಗಲಿ, ನೆಂಟರಾಗಲಿ, ಅಕ್ಕಪಕ್ಕದವರಾಗಲಿ ಒಂದು ಮಾತೂ ಆಡಿರಲಿಲ್ಲ. ಅಮ್ಮನನ್ನು ತಡೆದು ನಿಲ್ಲಿಸಿದ್ದವಳು ಅಮ್ಮನೇ. ಅದಕ್ಕೇ ಅವಳನ್ನು ಯಾರಿಗೂ ಬಿಡಿಸಲು ಆಗುತ್ತಿರಲಿಲ್ಲ.

ಈ ವರ್ಷ ಫೆಬ್ರವರಿ ಮುಗಿಯುವಾಗ ಅತ್ತಿಗೆ ಫೋನಿನಲ್ಲಿ ಕೇಳಿದರು, "ಅತ್ತೆಗೆ ದಾರ ಕಟ್ಟಲಾ, ಬೇಡ್ವಾ?"

"ಅವಳನ್ನೇ ಕೇಳಿ ಅತ್ತಿಗೆ."

"ಕೇಳಿದ್ರೆ ಬೇಡ ಅಂತಾರೆ."

ಕೇಳಲಿಲ್ಲ. ಒಂದನೇ ತಾರೀಖು ಬೆಳಿಗ್ಗೆ ಅಮ್ಮ ಈಳಿಗೆಮಣೆ ಮುಂದೆ ಕೂತು ಹುರುಳಿಕಾಯಿ ಹೆಚ್ಚಿ ಮುಗಿಸಿ ಕೈ ಕೊಡವುತ್ತಿದ್ದಾಗ, ಅತ್ತಿಗೆ ಪಕ್ಕ ಕೂತು ಅವಳ ಬಲಗೈ ಮಣಿಕಟ್ಟಿಗೆ ದಾರ ಕಟ್ಟಿಬಿಟ್ಟರು. ಬಳೆ ಇಲ್ಲದ ಕೈ. ನಾನು ಅಲ್ಲೇ ಇದ್ದೆ.

"ಇದೇನೇ ಮಾರಾಯ್ತಿ, ನನಗ್ಯಾಕೆ?"

"ಪ್ರತಿ ವರ್ಷ ಕಟ್ತೀನಲ್ಲ ಅತ್ತೆ."

"ಈ ವರ್ಷ ಬೇರೆ."

"ಮಾರ್ಚ್ ಅದೇ."

ಅಮ್ಮ ಬಿಚ್ಚಲು ಎಡಗೈ ತಂದಳು. ಬಿಚ್ಚಲಿಲ್ಲ. ಕಟ್ಟಿದ ದಾರವನ್ನು ನಿಯಮ ಬಿಟ್ಟು ಬಿಚ್ಚುವುದು ಅವಳ ಸ್ವಭಾವದಲ್ಲಿಲ್ಲ, ಅದು ಯಾವ ದೇಶದ ದಾರವಾದರೂ ಸರಿ.

ಅದೇ ವಾರ ಪಕ್ಕದ ಮನೆಯ ಆಂಟಿ ಬಂದರು. ಅವರ ಅಪ್ಪ ತಮಿಳುನಾಡಿನ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರು. ಆಂಟಿ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅವರ ಒಬ್ಬಳೇ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ಏಪ್ರಿಲ್ ಕೊನೆಯಲ್ಲಿ, ಶಿವಮೊಗ್ಗದ ಕೋಟೆ ರಸ್ತೆಯಲ್ಲಿ, ಗಂಡಿನ ಮನೆಯವರು ಹಿಡಿದ ಛತ್ರದಲ್ಲಿ. ಆ ಹುಡುಗಿ ಚಿಕ್ಕವಳಿದ್ದಾಗ ಶಾಲೆಯಿಂದ ಬಂದು ಚೀಲ ಇಡುತ್ತಿದ್ದುದು ನಮ್ಮ ಮನೆಯಲ್ಲಿ, ಅಮ್ಮ ಮಾಡಿದ ರೊಟ್ಟಿ ತಿನ್ನುತ್ತಿದ್ದುದು ನಮ್ಮ ಅಡುಗೆಮನೆಯಲ್ಲಿ. ಅವಳ ಮದುವೆಗೆ ಮಂಡಿಯ ತನಕ ಬರುವ ಮೊಗ್ಗಿನ ಜಡೆ ಎಂದು ಅಮ್ಮ ಆಗಲೇ ಮಾತು ಕೊಟ್ಟಿದ್ದಳು. ಈಗ ಆ ಹುಡುಗಿಯೂ ತಾಯಿಯ ಜೊತೆ ಬಂದು, ಕಾಲು ಮುಟ್ಟಿ ನಮಸ್ಕಾರ ಮಾಡಿ, ಪಕ್ಕದಲ್ಲಿ ಕೂತಳು.

"ಜಡೆ ನನ್ನ ಕೈಲಾಗಲ್ಲ ಮಗಾ. ವರ್ಷ ತುಂಬಿಲ್ಲ. ಮದುವೆಗೂ ಬರಲ್ಲ. ನಿನಗೆ ಒಳ್ಳೇದಾಗ್ಲಿ," ಎಂದಳು ಅಮ್ಮ.

"ಅಕ್ಕಾ, ನಾವು ಅದೆಲ್ಲಾ ನೋಡಲ್ಲ," ಎಂದರು ಆಂಟಿ.

"ನೀವು ನೋಡಲ್ಲ. ನಾನು ನೋಡ್ತೀನಲ್ಲ."

ಹುಡುಗಿ ತನ್ನ ಜಡೆಯನ್ನು ಮುಂದಕ್ಕೆ ಎಳೆದುಕೊಂಡು, "ಹೋಗ್ಲಿ ಬಿಡಿ ದೊಡ್ಡಮ್ಮ. ಬ್ಯೂಟಿ ಪಾರ್ಲರಲ್ಲಿ ಬಾಡಿಗೆಗೆ ಸಿಗುತ್ತೆ. ಪ್ಲಾಸ್ಟಿಕ್ ಮೊಗ್ಗು. ಬಾಡಲ್ಲ ಅಂತಾರೆ," ಎಂದಳು.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ಇಡುವ ಶಬ್ದ ಜೋರಾಯಿತು. "ಪ್ಲಾಸ್ಟಿಕ್ ಅಂತೆ," ಎಂಬ ಮಾತು ಒಮ್ಮೆ ಒಲೆಗೆ, ಒಮ್ಮೆ ಕೊಡಕ್ಕೆ, ಒಮ್ಮೆ ನನಗೆ ಬಂತು.

ಕೆಲವು ದಿನದ ಮೇಲೆ, ಪತ್ರಿಕೆಯ ಪುಟ ಅಚ್ಚಿಗೆ ಬಿಡುವ ಗಡಿಬಿಡಿಯಲ್ಲಿದ್ದಾಗ, ಆಫೀಸಿಗೆ ಅಮ್ಮನ ಫೋನ್ ಬಂತು. ಆ ಹೊತ್ತಿಗೆ ಅವಳು ಎಂದೂ ಫೋನ್ ಮಾಡುವವಳಲ್ಲ.

"ನಿಮ್ಮ ಪೇಪರ್ರಲ್ಲಿ ಪಂಚಾಂಗ ಬರೆಯೋರು ಇದ್ದಾರಲ್ಲ, ಅವರನ್ನ ಒಂದು ಮಾತು ಕೇಳು. ಕಂಕಣ ಕಟ್ಟಿದ ಮೇಲೆ ಸೂತಕ ಬಂದ್ರೆ ಕೆಲಸ ನಿಲ್ಲಿಸ್ಬೇಕಾ?"

ಅವರು ಎದುರಿನ ಮೇಜಿನಲ್ಲೇ ಇದ್ದರು. ಕೇಳಿದೆ. ತಲೆ ಎತ್ತದೆ ಉತ್ತರ ಕೊಟ್ಟರು: ಕಂಕಣ ಕಟ್ಟಿದ ಮೇಲೆ ಆ ಕಾರ್ಯ ಮುಗಿಯುವ ತನಕ ಆ ಕಾರ್ಯದ ಮಟ್ಟಿಗೆ ಸೂತಕ ತಟ್ಟುವುದಿಲ್ಲ. ಅವರ ಮಾತನ್ನು ಇದ್ದ ಹಾಗೇ ಅಮ್ಮನಿಗೆ ಮುಟ್ಟಿಸಿದೆ. ನಂತರ, ವರದಿ ಪೂರ್ತಿಯಾಗಲಿ ಎಂದು, "ಆದರೆ ಅದು ಕಂಕಣ ಮೊದಲು ಕಟ್ಟಿ, ಸೂತಕ ಆಮೇಲೆ ಬಂದ್ರೆ. ನಿನ್ನದು ಉಲ್ಟಾ," ಎಂದೆ.

"ಅದನ್ನ ಕೇಳಿದ್ನಾ ನಾನು?" ಎಂದು ಅಮ್ಮ ಫೋನ್ ಇಟ್ಟಳು.

ಮುಂದಿನ ವಾರ ನಾನು ಮನೆಗೆ ಹೋಗುವಷ್ಟರಲ್ಲಿ ಅವಳ ವಾದ ಪೂರ್ತಿ ಸಿದ್ಧವಾಗಿತ್ತು. ಮಾರ್ಚಿ ದಾರ ಒಂದು ಕಂಕಣ. ಅದನ್ನು ಕಟ್ಟುವುದು ಹೂವಿಗಾಗಿ, ಹೂವು ಬರಲಿ ಎಂದು. ಆದ್ದರಿಂದ ಅದು ಕೈಯಲ್ಲಿರುವ ತನಕ ಹೂವಿನ ಕೆಲಸಕ್ಕೆ ಅಡ್ಡಿಯಿಲ್ಲ. ಯುಗಾದಿ ಮಾಡುವ ಹಾಗಿಲ್ಲ, ಅದು ಹೂವಿನ ಕೆಲಸವಲ್ಲ. ಜಡೆ ಕಟ್ಟಬಹುದು. ಕಟ್ಟಿದ ಜಡೆಯನ್ನು ಮುಡಿಸಲು ಛತ್ರಕ್ಕೆ ಹೋಗಬಹುದು, ಅದು ಅದೇ ಕೆಲಸದ ಮುಂದುವರಿಕೆ.

ಅಣ್ಣ ಊಟ ಮಾಡುತ್ತಿದ್ದವನು ತುತ್ತು ನಿಲ್ಲಿಸಿದ. "ಕಂಕಣ ಕಟ್ಟಿದವರು ಊರ ಗಡಿ ದಾಟಬಾರದು ಅಂತಾನೂ ಇದೆಯಲ್ಲಮ್ಮ. ಮದುವೆ ಶಿವಮೊಗ್ಗದಲ್ಲಿ."

"ಅದು ಮದುಮಕ್ಕಳಿಗೆ ಕಣೋ. ನಾನೇನು ಮದುಮಗಳಾ? ಸುಮ್ನೆ ಉಣ್ಣು."

ಅತ್ತಿಗೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವರ ಊರಿನಲ್ಲಿ ಈ ದಾರಕ್ಕೆ ಇಂಥ ಯಾವ ಶಕ್ತಿಯೂ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ಅದನ್ನು ಹೇಳುವ ಅಧಿಕಾರ ಇದ್ದದ್ದು ಅವರಿಗೆ. ಅವರು ಅಮ್ಮನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದರು, ಅಷ್ಟೆ.

ತೊಡಕು ಒಂದೇ ಇತ್ತು. ಅಮ್ಮನ ವಾದ ದಾರ ಇರುವ ತನಕ. ದಾರ ಹೊಂಗೆ ಬಿಡುವ ತನಕ. ಮದುವೆ ಏಪ್ರಿಲ್ ಕೊನೆಗೆ. ಹೊಂಗೆ ಅದಕ್ಕೆ ಮೊದಲೇ ಬಿಟ್ಟರೆ ದಾರ ಬಿಚ್ಚಬೇಕು, ದಾರ ಬಿಚ್ಚಿದರೆ ಜಡೆಯಿಲ್ಲ. ಅಮ್ಮ ತಾನೇ ಹಾಕಿಕೊಂಡ ನಿಯಮವನ್ನು ಮುರಿಯುವವಳಲ್ಲ. ಬೇರೆ ಮರ ನೋಡೋಣವೇ ಎಂದು ಅತ್ತಿಗೆ ಒಮ್ಮೆ ಮೆಲ್ಲಗೆ ಕೇಳಿದರು. ತಮ್ಮ ತಾಯಿ ಚೆರ್ರಿ ಮರಕ್ಕೆ ಕಟ್ಟುತ್ತಾರೆ, ಅಜ್ಜಿ ಗುಲಾಬಿ ಗಿಡಕ್ಕೆ ಕಟ್ಟುತ್ತಿದ್ದರು, ಯಾರ ಮನೆಯಲ್ಲೂ ಇದಕ್ಕೆ ಪೊಲೀಸ್ ಇರಲಿಲ್ಲ ಎಂದರು.

"ಅವರು ಹೊಂಗೆ ಅಂದಿದ್ದಾರೆ," ಎಂದಳು ಅಮ್ಮ. ಅವರು ಎಂದರೆ ಅಪ್ಪ. ಅಲ್ಲಿಗೆ ಆ ಮಾತು ಮುಗಿಯಿತು.

ಅಂದಿನಿಂದ ನಮ್ಮ ಮನೆಯವರೆಲ್ಲರ ಕಣ್ಣೂ ಆ ಮರದ ಮೇಲೆ. ಮಾರ್ಚ್ ನಡುವೆ ಅದು ಬೋಳಾಯಿತು. ಯುಗಾದಿ ಬಂತು. ನಮ್ಮ ಮನೆಯಲ್ಲಿ ತೋರಣವಿಲ್ಲ. ಆಂಟಿ ಒಬ್ಬಟ್ಟು ಕಳಿಸಿದರು. ಅಷ್ಟು ಹೊತ್ತಿಗೆ ಹೊಂಗೆ ಪೂರ್ತಿ ಚಿಗುರಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಅತ್ತಿಗೆ ದಿನವೂ ಫೋನಿನಲ್ಲಿ ವರದಿ ಕೊಡುತ್ತಿದ್ದರು: ಇವತ್ತು ಬರೀ ಎಲೆ. ಇವತ್ತೂ ಎಲೆ. ಇವತ್ತು ತುದಿಯಲ್ಲಿ ಏನೋ 'ಚುಕ್ಕಿ ಚುಕ್ಕಿ' ಇದೆ, ಹುಳು ಇರಬಹುದು.

ಹುಳು ಅಲ್ಲ ಎಂದು ಅವರಿಗೂ ಗೊತ್ತಿತ್ತು.

ಏಪ್ರಿಲ್ ನಡುವಿನ ಒಂದು ರಜೆಗೆ ನಾನು ಹೋಗಿ ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಇನ್ನೂ ಪೂರ್ತಿ ಬೆಳಕಾಗುವ ಮೊದಲು ಪೊರಕೆ ಸದ್ದಿಗೆ ಎಚ್ಚರವಾಯಿತು. ಒಂದು ಪೊರಕೆಯಲ್ಲ, ಎರಡು. ಕಿಟಕಿಯಿಂದ ನೋಡಿದರೆ ಗೇಟಿನ ಆಚೆ ಅತ್ತಿಗೆ, ಅವರಿಗೆದುರಾಗಿ ಆಂಟಿ. ಇಬ್ಬರ ಕೈಯಲ್ಲೂ ಕಡ್ಡಿಪೊರಕೆ. ಇಬ್ಬರ ನಡುವೆ ರಸ್ತೆಯಲ್ಲಿ ಹೊಂಗೆಯ ಮಂಡಕ್ಕಿ.

"ನೀನ್ಯಾಕಮ್ಮಾ ಇಷ್ಟು ಬೇಗ?" ಎಂದರು ಆಂಟಿ ಪಿಸುಮಾತಿನಲ್ಲಿ.

"ನೀವ್ಯಾಕೆ ಆಂಟಿ?"

"ನಾನು ದಿನಾ ಗುಡಿಸ್ತೀನಿ."

"ನಮ್ಮ ಗೇಟ್ ಮುಂದೆ?"

ಆಂಟಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಗು ತಡೆಯಲಾಗಲಿಲ್ಲ. "ಮೂರು ದಿನ ಆಯ್ತು ಕಣಮ್ಮಾ. ಅಕ್ಕ ರಂಗೋಲಿ ಹಾಕೋಕೆ ಬರೋದ್ರೊಳಗೆ ಗುಡಿಸಿ ಚರಂಡಿಗೆ ಹಾಕ್ತಾ ಇದ್ದೆ. ಇವತ್ತು ಏನು ಕಮ್ಮಿ ಇದೆ ಅಂದ್ಕೊಂಡೆ. ನೀನು ಆ ಕಡೆಯಿಂದ ಬರ್ತಿದ್ದೀಯ!"

"ಮೇಲೆ ನೋಡ್ಬೇಡಿ ಆಂಟಿ. ಮೇಲೆ ತುಂಬಾ ಇದೆ."

"ಅಕ್ಕ ಮೇಲೆ ನೋಡಲ್ಲ, ಕತ್ತು ನೋವು ಅವರಿಗೆ. ಜೇನುಹುಳ ಗುಂಯ್ ಅನ್ನೋದಕ್ಕೆ ಏನು ಮಾಡೋದು ಅದು ಹೇಳು."

ಇಬ್ಬರೂ ಬೇಗ ಬೇಗ ಗುಡಿಸಿದರು. ನಾನು ಹೊರಗೆ ಹೋಗಿ ಮರದ ಕೆಳಗೆ ನಿಂತು ನೋಡಿದೆ. ಸಂಶಯಕ್ಕೆ ಎಡೆಯಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಕೊಂಬೆಗಳಲ್ಲಿ ಹೂವಿತ್ತು.

ಒಳಗೆ ಬಂದಾಗ ಅಮ್ಮ ಕಾಫಿ ಸೋಸುತ್ತಿದ್ದಳು. ಲೋಟ ನನ್ನ ಕೈಗಿಟ್ಟು, "ಹೊಂಗೆ ನೋಡಿದ್ಯಾ?" ಎಂದು ಕೇಳಿದಳು.

ಅತ್ತಿಗೆ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಲ್ಲೇ ನಿಂತರು. ಕಂಡದ್ದನ್ನು ಕಂಡ ಹಾಗೆ ಹೇಳುವುದು ನನ್ನ ಉದ್ಯೋಗ. ಅದು ಮನೆಯವರಿಗೆಲ್ಲ ಗೊತ್ತು, ಅಮ್ಮನಿಗೆ ಎಲ್ಲರಿಗಿಂತ ಹೆಚ್ಚು.

"ನೋಡಿದೆ," ಎಂದೆ.

ಅಮ್ಮ ಫಿಲ್ಟರಿನ ಮುಚ್ಚಳ ಹಾಕಿದಳು.

"ಎಲೆ ಚೆನ್ನಾಗಿ ಬಂದಿದೆ ಅಲ್ವಾ ಈ ಸಲ?"

"ಎಲೆ ಚೆನ್ನಾಗಿ ಬಂದಿದೆ," ಎಂದೆ. ಅದು ನಿಜ.

ಅಮ್ಮ ತನ್ನ ಲೋಟ ತೆಗೆದುಕೊಂಡು ಹಿತ್ತಲಿಗೆ ಹೋದಳು. ಅತ್ತಿಗೆ ಪೊರಕೆಯನ್ನು ಮೂಲೆಗಿಟ್ಟರು. ಆ ಬೆಳಿಗ್ಗೆ ಅಮ್ಮ ರಂಗೋಲಿ ಹಾಕಲು ಹೊರಗೆ ಹೋದದ್ದು ಎಂದಿಗಿಂತ ತಡವಾಗಿ. ಮುಂದಿನ ದಿನಗಳಲ್ಲೂ ಹಾಗೆಯೇ, ಗುಡಿಸುವವರಿಗೆ ಬೇಕಾದಷ್ಟು ಸಮಯ ಸಿಗುತ್ತಿತ್ತು ಎಂದು ಅತ್ತಿಗೆ ಆಮೇಲೆ ಹೇಳಿದರು.

ಮದುವೆಯ ಹಿಂದಿನ ದಿನ ನಾನು ಶಿವಮೊಗ್ಗದ ಹೂವಿನ ಮಾರುಕಟ್ಟೆಯಿಂದ ದುಂಡು ಮಲ್ಲಿಗೆ ಮೊಗ್ಗು ತೆಗೆದುಕೊಂಡು ಭದ್ರಾವತಿಗೆ ಹೋದೆ. ಒಂದೂ ಬಾಯಿ ಬಿಟ್ಟಿರಬಾರದು, ಒಂದೂ ಕೆಂಪಾಗಿರಬಾರದು ಎಂದು ಅಮ್ಮ ಹೇಳಿದ್ದಳು. ತಂದದ್ದರಲ್ಲಿ ಕಾಲುಭಾಗ ಆರಿಸಿ ಪಕ್ಕಕ್ಕೆ ತಳ್ಳಿದಳು. ಹಸಿ ಬಾಳೆಪಟ್ಟೆಯನ್ನು ಜಡೆಯ ಉದ್ದಕ್ಕೆ ಕತ್ತರಿಸಿ ಮಡಿಲ ಮೇಲೆ ಇಟ್ಟುಕೊಂಡು, ಸೂಜಿಯಿಂದ ಒಂದೊಂದೇ ಮೊಗ್ಗನ್ನು ಅದರ ಮೇಲೆ ಹೊಲಿಯತೊಡಗಿದಳು. ಅಂಚಿಗೆ ಕನಕಾಂಬರ. ಆಂಟಿ, ಅವರ ಮಗಳು, ಅತ್ತಿಗೆ ಸುತ್ತ ಕೂತು ಮೊಗ್ಗು ಒದಗಿಸುತ್ತಿದ್ದರು. ಒಂದೇ ಅಳತೆಯ ಮೊಗ್ಗು ಕೊಡದಿದ್ದರೆ ಕೈ ಮೇಲೆ ಏಟು ಬೀಳುತ್ತಿತ್ತು.

ಮೊದಲ ಸಾಲಿನಲ್ಲಿ ಅಮ್ಮನ ಕೈ ನಿಧಾನವಾಗಿತ್ತು. ಎರಡು ಸಲ ಬಿಚ್ಚಿ ಹೊಲಿದಳು. ತಿಂಗಳುಗಟ್ಟಲೆ ಬಿಟ್ಟ ಕೆಲಸ. ನಾಲ್ಕನೆಯ ಸಾಲಿನ ಹೊತ್ತಿಗೆ ಅವಳು ಕೈ ನೋಡದೆ ಮಾತಾಡುತ್ತ ಹೊಲಿಯುತ್ತಿದ್ದಳು. ಗಂಡಿನ ಮನೆಯವರ ಅಡುಗೆಯವನು ಯಾರು, ಮುಹೂರ್ತ ಎಷ್ಟು ಹೊತ್ತಿಗೆ, ಹುಡುಗಿಗೆ ರೊಟ್ಟಿ ತಟ್ಟಲು ಇನ್ನೂ ಬರುವುದಿಲ್ಲ ಎಂಬುದನ್ನು ಗಂಡಿಗೆ ಹೇಳಿದ್ದಾರೋ ಇಲ್ಲವೋ.

"ಹೇಳಿದ್ದೀನಿ ದೊಡ್ಡಮ್ಮ. ಅವರಿಗೆ ಬರುತ್ತಂತೆ."

"ಪುಣ್ಯಾತ್ಮ."

ಅತ್ತಿಗೆ ಮೊಗ್ಗಿನ ತಟ್ಟೆಯ ಮೇಲೆ ಬಗ್ಗಿದಾಗ ಅವರ ಕೂದಲಿನಿಂದ ಏನೋ ಉದುರಿತು. ಬಿಳಿ, ತುಸು ನೇರಳೆ. ಮಲ್ಲಿಗೆಯ ನಡುವೆ ಬಿದ್ದ ಹೊಂಗೆ ಹೂವು ಎಲ್ಲರಿಗೂ ಕಂಡಿತು. ಆಂಟಿಯ ಕೈ ನಿಂತಿತು. ಅತ್ತಿಗೆ ಕೆಂಪಾದರು.

ಅಮ್ಮ ಅದನ್ನು ಎರಡು ಬೆರಳಿನಲ್ಲಿ ಎತ್ತಿದಳು. ಅವಳಿಗೆ ಗೊತ್ತಿಲ್ಲದ ಹೂವು ಈ ಕಡೆ ಇಲ್ಲ. ಮೊಗ್ಗು ಮುಟ್ಟಿ ಅದು ಯಾವ ಹೊತ್ತಿಗೆ ಅರಳುತ್ತದೆ ಎಂದು ಹೇಳುವವಳು.

"ಯಾವ ಹೂವೋ ಏನೋ," ಎಂದು ಕಿಟಕಿಯಿಂದ ಆಚೆ ಎಸೆದಳು. "ಮೊಗ್ಗು ಕೊಡೇ, ಕೈ ಖಾಲಿ ಇದೆ."

ಜಡೆ ಮುಗಿದಾಗ ಕತ್ತಲಾಗುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಟ್ಟೆಯಲ್ಲಿಟ್ಟಳು. ಬೆಳಿಗ್ಗೆ ಅಣ್ಣನ ವ್ಯಾನಿನಲ್ಲಿ ನಾವೆಲ್ಲ ಶಿವಮೊಗ್ಗಕ್ಕೆ ಹೊರಟೆವು. ಅಮ್ಮ ಇಡೀ ದಾರಿ ಆ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಗಡಿಯ ಮಾತನ್ನು ಅಣ್ಣನೂ ಎತ್ತಲಿಲ್ಲ.

ಛತ್ರದಲ್ಲಿ ಅವಳು ನೇರವಾಗಿ ಮದುಮಗಳ ಕೋಣೆಗೆ ಹೋಗಿ ಜಡೆ ಮುಡಿಸಿದಳು. ಆಮೇಲೆ ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ ಕೂತಳು. ಮುಂದೆ ಬನ್ನಿ ಎಂದು ಆಂಟಿ ಎರಡು ಸಲ ಬಂದು ಕರೆದರು. ಇಲ್ಲೇ ಫ್ಯಾನಿದೆ ಎಂದಳು. ಧಾರೆಯ ಹೊತ್ತಿಗೆ ಮೊಗ್ಗುಗಳು ಅರಳತೊಡಗಿದ್ದವು. ಬೆನ್ನು ಮಾಡಿ ನಿಂತ ಹುಡುಗಿಯ ಜಡೆಯನ್ನು ಜನ ಕತ್ತು ಚಾಚಿ ನೋಡುತ್ತಿದ್ದರು. ಅಮ್ಮನೂ ನೋಡುತ್ತಿದ್ದಳು, ತಪ್ಪು ಹುಡುಕುವವಳ ಹಾಗೆ, ಕಣ್ಣು ಕಿರಿದು ಮಾಡಿ. ಅವಳ ಮಣಿಕಟ್ಟಿನ ದಾರದ ಬಿಳಿ ಎಳೆ ಅರಿಶಿನ ಹಿಡಿದು ಹಳದಿಯಾಗಿತ್ತು. ಕೆಂಪು ಮಾತ್ರ, ಸಾಹೇಬರು ಹೇಳಿದ ಹಾಗೆ, ಬಿಟ್ಟಿರಲಿಲ್ಲ.

ಊಟದ ಸಾಲಿಗೆ ಏಳುವಾಗ ಗಂಡಿನ ಕಡೆಯ ಹೆಂಗಸೊಬ್ಬರು ಹುಡುಕಿಕೊಂಡು ಬಂದರು. ಆಂಟಿ ದೂರದಿಂದ ಬೆರಳು ಮಾಡಿ ತೋರಿಸುತ್ತಿದ್ದರು.

"ಜಡೆ ಕಟ್ಟಿದ್ದು ನೀವೇ ಅಂತೆ? ಎಂಥಾ ಕೈ ಅಮ್ಮಾ ನಿಮ್ಮದು. ನಮ್ಮ ಮಗಳಿಗೆ ಜ್ಯೇಷ್ಠದಲ್ಲಿ ಮದುವೆ. ಕಟ್ಟಿಕೊಡ್ತೀರಾ? ಗಾಡಿ ಕಳಿಸ್ತೀವಿ."

ಜ್ಯೇಷ್ಠ ಎಂದರೆ ಅಪ್ಪನ ವರ್ಷ ತುಂಬುವುದಕ್ಕೆ ಮೊದಲು. ಅಷ್ಟರಲ್ಲಿ ಹೊಂಗೆ ಹೂವು ಮುಗಿಸಿ ಕಾಯಿ ಕಟ್ಟಿರುತ್ತದೆ. ಕೈಯಲ್ಲಿ ದಾರ ಇರುವ ಪ್ರಶ್ನೆಯೇ ಇಲ್ಲ. ಅತ್ತಿಗೆ ನನ್ನ ತೋಳು ಹಿಡಿದರು. ಅವರೂ ಅದೇ ಲೆಕ್ಕ ಹಾಕಿದ್ದರು.

ಅಮ್ಮ ಆ ಹೆಂಗಸನ್ನು ತಲೆಯಿಂದ ಕಾಲಿನ ತನಕ ನೋಡಿದಳು.

"ಮಗಳ ಕೂದಲು ಎಷ್ಟುದ್ದ?"

"ಸೊಂಟದ ತನಕ ಇದೆ."

"ಮೊಗ್ಗು ದುಂಡು ಮಲ್ಲಿಗೇದೇ ಆಗ್ಬೇಕು. ಹಿಂದಿನ ದಿನ ಮಧ್ಯಾಹ್ನದೊಳಗೆ ನಮ್ಮ ಮನೇಲಿರ್ಬೇಕು. ಸೂಜಿಮಲ್ಲಿಗೆ ತಂದ್ರೆ ನಾನು ಕಟ್ಟಲ್ಲ, ಈಗ್ಲೇ ಹೇಳಿದ್ದೀನಿ," ಎಂದು ಅಮ್ಮ ಊಟದ ಸಾಲಿನ ಕಡೆ ಹೊರಟಳು.